ಏನೂ ಮಾಡದ ಹೊಂಡ

ನೀರು ನಾರಿದರೆ ಹೆದರಬೇಡಿ, ನಾತ ಬದಲಾದ ದಿನ ಹೆದರಿ ಎಂದು ನಮ್ಮ ಪ್ಲಾಂಟಿಗೆ ಹೊಸದಾಗಿ ಸೇರಿದವರಿಗೆಲ್ಲ ನಾನು ಹೇಳುತ್ತಿದ್ದೆ. ಈಗಲೂ ಹೇಳುತ್ತೇನೆ. ಆದರೆ ಇದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿತ್ತು. ಅದನ್ನು ಕೆಲಸದಲ್ಲಿದ್ದಷ್ಟು ದಿನ ಯಾರಿಗೂ ಹೇಳಲಿಲ್ಲ. ಅದನ್ನು ಹೇಳುವುದಕ್ಕಾಗಿಯೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ನಮ್ಮದು ಹೈದರಾಬಾದಿನ ಹೊಲಸು ನೀರನ್ನು ತಿಳಿಮಾಡಿ, ಮೂಸಿ ನದಿಯ ಕೆಳಗಿನ ಹೊಲಗಳಿಗೆ ಕಾಲುವೆಯಲ್ಲಿ ಬಿಡುವ ಪ್ಲಾಂಟು. ನಾನು ರಾಯಚೂರು ಕಡೆಯವ, ಹೆಸರು ಶರಣಪ್ಪ. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿದೆ. ಸೋದರಮಾವ ಇಲ್ಲಿ ಸರ್ಕಾರಿ ನೌಕರಿಯಲ್ಲಿದ್ದರು, ಅವರ ಕೈ ಹಿಡಿದು ಬಂದೆ. ಕೆಲಸದಲ್ಲಿ ತೆಲುಗು, ಚಹಾದ ಅಂಗಡಿಯಲ್ಲಿ ಹಿಂದಿ, ಮನೆಯಲ್ಲಿ ನಮ್ಮ ಮಾತು. ಬರೆಯಲು ಬರುವುದು ಮಾತ್ರ ಕನ್ನಡ ಒಂದೇ. ಹೆಲ್ಪರ್ ಆಗಿ ಸೇರಿ ಆಪರೇಟರ್ ಆಗಿ ಹೊರಬಂದೆ. ನಡುವಿನ ಮೆಟ್ಟಿಲುಗಳ ವಿಷಯ ಪೆನ್ಶನ್ ಕಾಗದದಲ್ಲಿದೆ, ಇಲ್ಲಿ ಬೇಡ. ಈಗ ನಮ್ಮ ಯಾದಗಿರಿ, ಕಲಬುರಗಿ ಕಡೆಯ ಮಕ್ಕಳೂ ಡಿಪ್ಲೊಮಾ ಮುಗಿಸಿ ಈ ಕೆಲಸಕ್ಕೆ ಬರುತ್ತಿದ್ದಾರೆ. ಅವರು ಓದಲಿ.

ಮೊದಲ ವರ್ಷ ನನ್ನನ್ನು ಜಾಲರಿಯ ಹತ್ತಿರ ನಿಲ್ಲಿಸಿದ್ದರು. ಊರಿನ ನೀರು ಒಳಗೆ ಬರುವ ಬಾಯಿಗೆ ಕಬ್ಬಿಣದ ಸರಳುಗಳ ಜಾಲರಿ ಇರುತ್ತದೆ. ಅದಕ್ಕೆ ಸಿಕ್ಕಿಕೊಂಡದ್ದನ್ನು ಉದ್ದ ಕೋಲಿನ ಕುಂಟೆಯಿಂದ ಎಳೆದು ಹಾಕಬೇಕು. ಜನ ಮೂಗು ಮುಚ್ಚಿಕೊಂಡು ಕನಿಕರದಿಂದ ನೋಡುತ್ತಿದ್ದರು. ನನಗೋ ಅದು ದಿನಾ ಹೊಸ ಪುಸ್ತಕ ಓದಿದ ಹಾಗೆ. ತೆಂಗಿನಕಾಯಿ, ಚೆಂಡು, ಮದುವೆಯ ಕಾಗದ, ಒಂಟಿ ಚಪ್ಪಲಿ. ಜೋಡಿ ಚಪ್ಪಲಿ ಒಮ್ಮೆಯೂ ಬರಲಿಲ್ಲ. ಒಂದು ಸಲ ಹಲ್ಲಿನ ಸೆಟ್ಟು ಬಂತು, ಮೇಲಿನದು ಮಾತ್ರ. ಕೆಳಗಿನ ಸೆಟ್ಟು ಇಟ್ಟುಕೊಂಡು ಆ ಮನುಷ್ಯ ಏನು ಮಾಡುತ್ತಿರಬಹುದು ಎಂದು ವಾರಗಟ್ಟಲೆ ಯೋಚಿಸಿದೆ. ಪರೀಕ್ಷೆಯ ತಿಂಗಳಲ್ಲಿ ಸಣ್ಣದಾಗಿ ಹರಿದ ಕಾಗದ ಹೆಚ್ಚು ಬರುತ್ತಿತ್ತು. ಹಬ್ಬದ ಮರುದಿನ ನೀರಿನ ಮೇಲೆ ಎಣ್ಣೆಯ ಕೆನೆ ಕಟ್ಟುತ್ತಿತ್ತು. ಊರು ಏನು ತಿಂದಿತು, ಏನನ್ನು ಬಚ್ಚಿಟ್ಟಿತು ಎಂಬುದು ನಮಗೆ ಗೊತ್ತಾಗುತ್ತಿತ್ತು.

ಈ ಕುತೂಹಲವೇ ನನ್ನ ಗುಣ, ಇದೇ ನನ್ನ ದೋಷ. ಅದು ಮುಂದೆ ಗೊತ್ತಾಗುತ್ತದೆ.

ಮೊದಲ ದೊಡ್ಡ ತಪ್ಪು ಮಾಡಿದ್ದು ಗಾಳಿ ತೊಟ್ಟಿಯಲ್ಲಿ. ಜಾಲರಿ ದಾಟಿದ ನೀರು ಒಂದು ದೊಡ್ಡ ತೊಟ್ಟಿಗೆ ಬರುತ್ತದೆ. ಅದರೊಳಗೆ ಕೆಳಗಿನಿಂದ ಗಾಳಿ ಊದುತ್ತಾರೆ. ತೊಟ್ಟಿಯ ತುಂಬ ಕಂದು ಬಣ್ಣದ ಗೊಜ್ಜು ಕುದಿಯುತ್ತಿರುವಂತೆ ಕಾಣುತ್ತದೆ. ಒಮ್ಮೆ ಮೇಲಿನ ಅಧಿಕಾರಿಗಳು ತಪಾಸಣೆಗೆ ಬರುತ್ತಾರೆ ಎಂದಾಯಿತು. ಎಲ್ಲೆಡೆ ಸುಣ್ಣ ಬಳಿದರು, ಗಿಡಗಳಿಗೆ ಕೆಮ್ಮಣ್ಣು ಹಚ್ಚಿದರು. ನಾನು ತೊಟ್ಟಿಯನ್ನು ನೋಡಿದೆ. ಇಷ್ಟು ಹೊಲಸು ಕಂಡರೆ ಸಾಹೇಬರ ಮಾನ ಏನಾಗಬೇಕು ಎನ್ನಿಸಿತು. ತಳದ ವಾಲ್ವು ತಿರುಗಿಸಿ ಗೊಜ್ಜನ್ನೆಲ್ಲ ಹೊರಗೆ ಬಿಟ್ಟೆ. ಸಂಜೆಗೆ ತೊಟ್ಟಿ ತಿಳಿಯಾಗಿ ಕಂಡಿತು. ನನಗೆ ನಾನೇ ಭೇಷ್ ಅಂದುಕೊಂಡೆ.

ಬೆಳಿಗ್ಗೆ ಆಗಿನ ಎಂಜಿನಿಯರ್ ಬಂದರು. ವಯಸ್ಸಾದವರು, ಮೆಲುಮಾತಿನವರು. ತೊಟ್ಟಿಯ ಅಂಚಿನಲ್ಲಿ ನಿಂತು ಒಳಗೆ ಬಗ್ಗಿ ನೋಡಿದರು.

"ಯಾರು ತೊಳೆದದ್ದು?"

"ನಾನೇ ಸಾರ್," ಎಂದೆ, ಎದೆ ಉಬ್ಬಿಸಿ.

"ಶರಣಪ್ಪಾ, ಆ ಕಂದು ಗೊಜ್ಜೇ ನಮ್ಮ ದುಡಿಯುವ ದನ. ಹೊಲಸನ್ನು ತಿನ್ನುವುದೇ ಅದರೊಳಗಿನ ಜೀವ. ತಿಂಗಳುಗಟ್ಟಲೆ ಸಾಕಿದ ಹಟ್ಟಿಯನ್ನು ಒಂದು ಮಧ್ಯಾಹ್ನದಲ್ಲಿ ಕಸಾಯಿಗೆ ಅಟ್ಟಿದೆಯಲ್ಲಪ್ಪಾ."

ಅವರು ಬೈಯಲಿಲ್ಲ. ಬೇರೆ ಪ್ಲಾಂಟಿನಿಂದ ಟ್ಯಾಂಕರಿನಲ್ಲಿ ಅದೇ ಗೊಜ್ಜನ್ನು ತರಿಸಿ, ಹಾಲಿಗೆ ಹೆಪ್ಪು ಹಾಕಿದಂತೆ ನಮ್ಮ ತೊಟ್ಟಿಗೆ ಹಾಕಿಸಿದರು. ಅದು ಮತ್ತೆ ಬೆಳೆಯುವವರೆಗೆ ವಾರಗಳ ಕಾಲ ನಾನು ದಿನಾ ಬಾಟಲಿಯಲ್ಲಿ ನೀರು ತುಂಬಿ, ತಳಕ್ಕೆ ಎಷ್ಟು ಇಳಿಯಿತು ಎಂದು ನೋಡಬೇಕಾಯಿತು. ಅದೇ ಶಿಕ್ಷೆ, ಅದೇ ಪಾಠ.

ಆ ಬಾಟಲಿ ಹಿಡಿದು ಹೋಗುತ್ತಿದ್ದುದರಿಂದಲೇ ಲ್ಯಾಬಿನ ಖಾಜಾ ಸಾಹೇಬರ ಪರಿಚಯವಾಯಿತು. ಕಲಬುರಗಿಯವರು. ಅವರ ಕನ್ನಡದಲ್ಲಿ ಅರ್ಧ ಉರ್ದು, ಉರ್ದುವಿನಲ್ಲಿ ಅರ್ಧ ಕನ್ನಡ.

"ದಿನಾ ಬಾಟ್ಲಿ ತರ್ತಿ, ಒಳಗ ಯಾರದಾರ ಅಂತ ಒಂದ್ ದಿನಾನೂ ಕೇಳ್ಲಿಲ್ಲಲ್ಲ ಮಿಯಾ," ಎಂದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು.

ನೋಡಿದೆ. ಒಂದು ತೊಟ್ಟು ಕೊಳಕು ನೀರಿನಲ್ಲಿ ಒಂದು ಪೇಟೆಯೇ ಇತ್ತು. ಗಂಟೆಯ ಆಕಾರದವು ದಾರಕ್ಕೆ ಕಟ್ಟಿದಂತೆ ತೂಗಾಡುತ್ತಿದ್ದವು. ಒಂದರ ತಲೆಯ ಮೇಲೆ ಎರಡು ಚಕ್ರ ತಿರುಗುತ್ತಿದ್ದವು. ಇನ್ನೊಂದು ಚಪ್ಪಲಿಯಂತೆ ಇದ್ದುಕೊಂಡು ಎಲ್ಲರಿಗೂ ಡಿಕ್ಕಿ ಹೊಡೆಯುತ್ತಿತ್ತು. "ಇವನ್ನ ನೋಡಿದ್ರ ಪ್ಲಾಂಟು ತಬಿಯತ್ತಿನಾಗ ಐತೋ ಇಲ್ಲೋ ಗೊತ್ತಾಗ್ತದ," ಎಂದರು. ಆಮೇಲೆ ಬೇರೊಂದು ಗಾಜಿನ ಚೂರು ಇಟ್ಟರು. ಅದು ಒಳಗೆ ಬರುವ ಕಚ್ಚಾ ನೀರಿನದು. ಅದರಲ್ಲಿ ದುಂಡಗಿನ ಒಂದು ವಸ್ತು, ಸುತ್ತ ಅಂಚಿಗೆ ಮಣಿ ಹೊಲಿದ ಗುಂಡಿಯಂತೆ ಇತ್ತು. "ಇದು ಹೊಟ್ಟಿಹುಳದ ತತ್ತಿ. ಮನಿಷಾನ ಹೊಟ್ಟ್ಯಾಗಿಂದ ಬಂದದ್ದು, ಮತ್ತ ಮನಿಷಾನ ಹೊಟ್ಟೀಗೆ ಹೋಗಾಕ ಕಾಯ್ತದ." ಅದರ ಬಗ್ಗೆ ಅವರು ಇನ್ನೂ ಏನೋ ಹೇಳಿದರು. ನಾನು ಕಣ್ಣು ಕೊಟ್ಟಿದ್ದೆ, ಕಿವಿ ಕೊಟ್ಟಿರಲಿಲ್ಲ. ಅಷ್ಟು ಚೆಂದದ ವಸ್ತು ಅಷ್ಟು ಕೆಟ್ಟದ್ದು ಹೇಗಾಗುತ್ತದೆ ಎಂದು ನೋಡುತ್ತಲೇ ಇದ್ದೆ.

ಈಗಿನವರು ನೀರಿನ ಹಣೆಬರಹವನ್ನು ಮೊಬೈಲಿನಲ್ಲಿ ನೋಡುತ್ತಾರೆ. ತೊಟ್ಟಿಯೊಳಗೆ ಮುಳುಗಿಸಿದ ಕಡ್ಡಿಯೊಂದು ಗಳಿಗೆಗೊಮ್ಮೆ ಅಂಕಿ ಕಳಿಸುತ್ತದೆ. ನಾವು ಮೂಗಿನಿಂದ, ಕಣ್ಣಿನಿಂದ, ನೊರೆಯ ಬಣ್ಣದಿಂದ ತಿಳಿಯುತ್ತಿದ್ದೆವು. ಯಾವುದು ಮೇಲು ಎಂದು ಜಗಳಕ್ಕೆ ಬರುವುದಿಲ್ಲ. ಕಡ್ಡಿ ಸುಳ್ಳು ಹೇಳುವುದಿಲ್ಲ. ಆದರೆ ಅದನ್ನು ಮುಳುಗಿಸಿದ ಜಾಗದ ನೀರಿನ ಬಗ್ಗೆ ಮಾತ್ರ ಹೇಳುತ್ತದೆ. ನಮ್ಮ ಬಾಟಲಿಯೂ ಅಷ್ಟೇ.

ಈಗ ಹೊಂಡದ ವಿಷಯ. ಗಾಳಿ ತೊಟ್ಟಿಯಾದ ಮೇಲೆ ನೀರು ಇನ್ನೊಂದು ತೊಟ್ಟಿಯಲ್ಲಿ ತಿಳಿಯಾಗಿ, ಕೊನೆಗೆ ಒಂದು ದೊಡ್ಡ ಹೊಂಡಕ್ಕೆ ಬರುತ್ತಿತ್ತು. ಪ್ಲಾಂಟಿನ ಅರ್ಧ ಜಾಗ ಅದೇ ತಿಂದಿತ್ತು. ಅಲ್ಲಿ ಮೋಟಾರಿಲ್ಲ, ಗಾಳಿಯಿಲ್ಲ, ಸದ್ದಿಲ್ಲ. ನೀರು ದಿನಗಟ್ಟಲೆ ಸುಮ್ಮನೆ ನಿಂತಿರುತ್ತಿತ್ತು. ಹಸಿರು ಪಾಚಿ, ದಂಡೆಯಲ್ಲಿ ಬೆಳ್ಳಕ್ಕಿ. ನಾವು ಅದಕ್ಕೆ ಇಟ್ಟ ಹೆಸರು 'ಏನೂ ಮಾಡದ ಹೊಂಡ'. ಯಾರಾದರೂ ಮೈಗಳ್ಳತನ ಮಾಡಿದರೆ "ನಿನ್ನನ್ನ ಹೊಂಡದ ಡ್ಯೂಟಿಗೆ ಹಾಕಿಸ್ಲಾ?" ಎಂದು ಚೇಷ್ಟೆ ಮಾಡುತ್ತಿದ್ದೆವು. ಹೊಂಡದಿಂದ ನೀರು ಕಾಲುವೆಗೆ ಇಳಿಯುವಲ್ಲಿ ಒಂದಿಷ್ಟು ಬ್ಲೀಚಿಂಗ್ ಬೆರೆಸಿ ಹೊಲಗಳಿಗೆ ಬಿಡುವುದು ಕ್ರಮ. ಹೊಂಡದ ಹೂಳೆತ್ತುವಾಗ ಬೇಕಾಗುತ್ತದೆಂದು ಪಕ್ಕದಲ್ಲಿ ಒಂದು ಅಡ್ಡ ತೂಬು ಇತ್ತು. ಅದನ್ನು ಎತ್ತಿದರೆ ನೀರು ಹೊಂಡಕ್ಕೆ ಹೋಗದೆ ನೇರವಾಗಿ ಕಾಲುವೆಗೆ ಬೀಳುತ್ತಿತ್ತು.

ಕಾಲುವೆಯ ತಲೆಯಲ್ಲಿ ಹುಲ್ಲಿನವರು. ಊರಿನ ಎಮ್ಮೆಗಳಿಗೆ ಹಸಿಹುಲ್ಲು ಬೆಳೆದು ಮಾರುವವರು. ಅವರ ಹಿರಿಯ ಯಾದಯ್ಯ, ತೆಲುಗಿನವ, ಬಾಯಲ್ಲಿ ಯಾವಾಗಲೂ ಬೀಡಿ. ಕಾಲುವೆಯ ತುದಿಯಲ್ಲಿ ನಮ್ಮ ಕಡೆಯ ನಿಂಗಮ್ಮ. ಶಹಾಪುರದ ಹತ್ತಿರದ ಹಳ್ಳಿಯವಳು. ಗಂಡ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಈಕೆಗೆ ಇಟ್ಟಿಗೆ ಹೊತ್ತು ಸಾಕಾಗಿ, ತುದಿಯ ಒಂದು ತುಂಡು ಹೊಲವನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಹಿಡಿದಿದ್ದಳು. ಅಲ್ಲಿಗೆ ಬಂದವಳು ಗುಡಿಸಲಿಗಿಂತ ಮೊದಲು ತಗಡು ಹೊಡೆದು ಕಕ್ಕಸು ಕಟ್ಟಿಸಿದಳು. "ಕೆಲಸಕ್ಕ ಹೋದಲ್ಲೆಲ್ಲ ಇದೊಂದ ಇರತಿರಲಿಲ್ಲ ಅಣ್ಣ. ನಂದು ಅಂತ ಒಂದು ಜಾಗ ಆದ್ರ ಮೊದಲ ಇದನ್ನ ಕಟ್ಟಬೇಕು ಅಂದಿದ್ದೆ," ಎಂದಳು.

ಮೊದಲು ಅವಳೂ ಹುಲ್ಲು ಹಾಕಿದ್ದಳು. ಒಂದು ದಿನ ಪ್ಲಾಂಟಿನ ಗೇಟಿಗೆ ಬಂದು ನನ್ನನ್ನು ಕರೆಸಿದಳು.

"ಶರಣಪ್ಪಣ್ಣ, ಈ ನೀರಿಗೆ ತಿನ್ನೂ ಪೈರು ಹಾಕಬಹುದೇನ್ರಿ? ಪುದೀನ ಹಾಕಬೇಕಂತ ಮನಸೈತಿ. ದಿನಾ ಕೊಯ್ಯಬಹುದು, ದಿನಾ ಮಾರಬಹುದು."

"ಮೇಡಂ ಹೇಳಬೇಕವ್ವ," ಎಂದೆ. ಆ ಹೊತ್ತಿಗೆ ವಸುಂಧರಾ ಮೇಡಂ ಎಂಬ ಎಂಜಿನಿಯರ್ ಬಂದಿದ್ದರು. ಅವರು ತುದಿಯ ನೀರು, ಮಣ್ಣು ಪರೀಕ್ಷೆ ಮಾಡಿಸಿ ಒಪ್ಪಿದರು. ಬುಡಕ್ಕೆ ಮಾತ್ರ ನೀರು ಹಾಯಿಸಬೇಕು, ಕೊಯ್ದದ್ದನ್ನು ಬೋರಿನ ನೀರಲ್ಲಿ ತೊಳೆದು ಮಾರಬೇಕು ಎಂದು ಷರತ್ತು ಹಾಕಿದರು. ಕಾಗದ ಕೈಗೆ ಬಂದರೂ ನಿಂಗಮ್ಮನಿಗೆ ಧೈರ್ಯವಿಲ್ಲ.

"ಕಾಗದ ನನಗ ಓದಾಕ ಬರಂಗಿಲ್ಲ. ನೀವು ಹೇಳ್ರಿ. ನಂಬಲೇನು?"

ನಾನು ನೀರು ಕಾಲುವೆಗೆ ಇಳಿಯುವ ಹೊಂಡದ ಬಾಯಲ್ಲಿ ಕೂತು, ಬೊಗಸೆಯಲ್ಲಿ ನೀರು ತುಂಬಿ ಅವಳ ಕಣ್ಣೆದುರೇ ಮುಖ ತೊಳೆದುಕೊಂಡೆ. "ನಾನಿರೋ ತನಕ ಈ ನೀರಿಗೆ ನಾನು ಜವಾಬು," ಎಂದೆ. ಯಾರೂ ನನ್ನಿಂದ ಕೇಳಿರದ ಮಾತು. ನಾನಾಗಿ ಕೊಟ್ಟೆ.

ಪುದೀನ ಚೆನ್ನಾಗಿ ಬಂತು. ತಾರ್ನಾಕದ ರಸ್ತೆಬದಿಯ ಸಂತೆಯಲ್ಲಿ ಅವಳಿಗೆ ಖಾಯಂ ಗಿರಾಕಿಗಳಾದರು. "ಎಲ್ಲೀದು?" ಎಂದು ಯಾರಾದರೂ ಕೇಳಿದರೆ ಮುಚ್ಚುಮರೆಯಿಲ್ಲದೆ, "ಪ್ಲಾಂಟಿನ ನೀರಿಂದು. ಅಲ್ಲಿ ನಮ್ಮಣ್ಣ ಅದಾನ," ಎನ್ನುತ್ತಿದ್ದಳಂತೆ.

ಈ ನಡುವೆ ಯಾದಯ್ಯನ ತಕರಾರು ಶುರುವಾಯಿತು. "ನೀಳ್ಳಲ್ಲೋ ಬಲಂ ಲೇದು ಸಾರೂ," ಎಂದು ದಿನಾ ಹಾಡು. ನೀರಿನಲ್ಲಿ ಕಸುವಿಲ್ಲ ಎಂದು. ಮೊದಲು ಕೊಳಕು ನೀರು ಹರಿಯುತ್ತಿದ್ದಾಗ ಹುಲ್ಲು ಎದೆಮಟ್ಟ ಬರುತ್ತಿತ್ತಂತೆ, ಗೊಬ್ಬರವೇ ಬೇಕಿರಲಿಲ್ಲವಂತೆ. "ನೀವು ನೀರನ್ನ ತೊಳೆದು ತೊಳೆದು ಅದರ ರಕ್ತವನ್ನೇ ತೆಗೆದುಬಿಟ್ಟಿರಿ. ಆ ಹೊಂಡದಲ್ಲಿ ನಿಲ್ಲಿಸಿದ ಮೇಲಂತೂ ಏನೂ ಉಳಿಯಲ್ಲ. ನಿಮ್ಮ ಬೆಳ್ಳಕ್ಕಿ ಮಾತ್ರ ದಪ್ಪಗಾಗ್ತಿವೆ." ಉಳಿದ ಹುಲ್ಲಿನವರು ನಗುತ್ತಿದ್ದರು.

ಆ ಮಾತು ನನ್ನ ತಲೆಯೊಳಗೆ ಹುಳದಂತೆ ಹೊಕ್ಕಿತು. ನಿಜವೇ ಇದು? ಹೊಂಡದ ಪಾಚಿ ನೀರಿನ ಸಾರವನ್ನು ತಿನ್ನುತ್ತದೆಯೇ? ಹೊಂಡ ತಪ್ಪಿಸಿ ಬಿಟ್ಟರೆ ಹುಲ್ಲು ನಿಜಕ್ಕೂ ಹೆಚ್ಚು ಬೆಳೆಯುತ್ತದೆಯೇ? ಮೇಡಂರನ್ನು ಕೇಳಬಹುದಿತ್ತು. ಖಾಜಾ ಸಾಹೇಬರು ಆಗ ಉದ್ದನೆಯ ರಜೆಯಲ್ಲಿದ್ದರು, ಕಾಯಬಹುದಿತ್ತು. ನಾನು ಎರಡನ್ನೂ ಮಾಡಲಿಲ್ಲ. ನಾನೇ ನೋಡಿ ತಿಳಿಯಬೇಕೆಂಬ ಹಟ.

ಯಾದಯ್ಯನಿಗೆ ಮಾತ್ರ ಹೇಳಿದೆ. ಮಧ್ಯಾಹ್ನ ಊಟವಾದ ಮೇಲೆ ಅಡ್ಡ ತೂಬು ಎತ್ತುತ್ತಿದ್ದೆ, ಸಂಜೆ ಡ್ಯೂಟಿ ಬಿಡುವಾಗ ಇಳಿಸುತ್ತಿದ್ದೆ. ಪರೀಕ್ಷೆಯ ಬಾಟಲಿ ತುಂಬುತ್ತಿದ್ದದ್ದು ಬೆಳಿಗ್ಗೆ, ಅದೂ ಹೊಂಡದ ಬಾಯಲ್ಲಿ. ಹಾಗಾಗಿ ಯಾವ ಅಂಕಿಯೂ ಅಲ್ಲಾಡಲಿಲ್ಲ. ಏನಾದರೂ ಕೆಟ್ಟದ್ದಿದ್ದರೆ ಸಾಯಲಿ ಎಂದು ಬ್ಲೀಚಿಂಗ್ ಪುಡಿಯನ್ನು ದುಪ್ಪಟ್ಟು ಸುರಿದೆ. ಗಂಟು ಹಾಕಿದ ಹಗ್ಗ ಹಿಡಿದು ವಾರಕ್ಕೊಮ್ಮೆ ಹುಲ್ಲು ಅಳೆದೆ. ಮೂರು ವಾರಕ್ಕೆ ಹುಲ್ಲು ಕಪ್ಪುಹಸಿರಾಗಿ ಎದ್ದು ನಿಂತಿತು. ಯಾದಯ್ಯನ ಮಾತು ಖರೆಯಾಗಿತ್ತು. ಅಲ್ಲಿಗೆ ತೂಬು ಎತ್ತುವುದನ್ನು ನಿಲ್ಲಿಸಿದೆ. ಹಗ್ಗದ ಗಂಟುಗಳನ್ನು ಎಣಿಸುತ್ತ ನಾನು ಪಟ್ಟ ಖುಷಿಯನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಆ ಮೂರು ವಾರದಲ್ಲಿ ಕಾಲುವೆಯ ತುದಿ ಒಂದು ದಿನವೂ ನನ್ನ ನೆನಪಿಗೆ ಬರಲಿಲ್ಲ. ಮಧ್ಯಾಹ್ನ ಬಿಟ್ಟ ನೀರು ಅಲ್ಲಿಗೆ ಮುಟ್ಟುವುದು ಸಂಜೆಗೆ. ನಿಂಗಮ್ಮ ಪುದೀನಕ್ಕೆ ನೀರು ಹಾಯಿಸುತ್ತಿದ್ದದ್ದೂ ಸಂಜೆಗೇ.

ಅದಾಗಿ ಸ್ವಲ್ಪ ದಿನಕ್ಕೆ ಕಾಲೇಜೊಂದರ ವಿದ್ಯಾರ್ಥಿಗಳು ಬಂದು ಕಾಲುವೆಯುದ್ದಕ್ಕೂ ಮಣ್ಣು, ಎಲೆ ತೆಗೆದುಕೊಂಡು ಹೋದರು. ನಿಂಗಮ್ಮನ ಮಡಿಯ ಮಣ್ಣಿನಲ್ಲೂ ಪುದೀನದ ಕೆಳಗಿನ ಎಲೆಗಳಲ್ಲೂ ಹೊಟ್ಟೆಹುಳದ ತತ್ತಿ ಸಿಕ್ಕವು. ಮೇಲಿನಿಂದ ಒಬ್ಬ ಅಧಿಕಾರಿ ವಿಚಾರಣೆಗೆ ಬಂದರು. ದಾರಿ ತೋರಿಸಲು ನನ್ನನ್ನು ಜೊತೆಗೆ ಕಳಿಸಿದರು. ಹೊಂಡದ ನೀರಿನ ಪರೀಕ್ಷೆಗಳೆಲ್ಲ ಸರಿಯಾಗಿದ್ದವು. ಹಾಗಾದರೆ ತತ್ತಿ ಎಲ್ಲಿಂದ ಬಂತು? ಅವರು ಗುಡಿಸಲು ನೋಡಿದರು, ಕಾಲುವೆಯ ದಂಡೆ ನೋಡಿದರು.

"ಈ ಕೂಲಿ ಜನ ಎಲ್ಲಿ ಕೂರ್ತಾರೆ? ಇಲ್ಲೇ ದಂಡೆಯ ಮೇಲೆ ತಾನೆ?" ಎಂದು ನನ್ನನ್ನು ಕೇಳಿದರು.

ತಗಡಿನ ಕಕ್ಕಸು ನಾವು ನಿಂತಲ್ಲಿಂದ ಇಪ್ಪತ್ತು ಹೆಜ್ಜೆ, ಗುಡಿಸಲ ಹಿಂದಿತ್ತು. ಅಷ್ಟು ಹೊತ್ತಿಗೆ ನನಗೆ ಅಡ್ಡ ತೂಬು ನೆನಪಾಗಿತ್ತು. ನಿವೃತ್ತಿ ಹತ್ತಿರವಿತ್ತು. ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ತಲೆ ಆಡಿಸಿದೆ. ಅವರು ಬರೆದುಕೊಂಡರು. ವರದಿಯಲ್ಲಿ ತುದಿಯವರು ದಂಡೆಯ ಮೇಲೆ ಮಲವಿಸರ್ಜನೆ ಮಾಡುವುದೇ ಕಾರಣ ಎಂದು ಬಂತು. ಇನ್ನು ಮೇಲೆ ಅಲ್ಲಿ ಸೊಪ್ಪು ಬೆಳೆಯಬಾರದು ಎಂದೂ ಬಂತು. ಸುದ್ದಿ ಸಂತೆಗೂ ಮುಟ್ಟಿತು. ಗಿರಾಕಿಗಳು ಬುಟ್ಟಿ ದಾಟಿ ನಡೆದರು.

ರಜೆ ಮುಗಿಸಿ ಬಂದ ಖಾಜಾ ಸಾಹೇಬರು ವರದಿ ಓದಿ ನನ್ನನ್ನು ಕರೆದರು. ಬಾಗಿಲು ಮುಂದೆ ಮಾಡಿದರು.

"ಬ್ಲೀಚಿಂಗ್ ಇಷ್ಟ್ಯಾಕ ಖರ್ಚಾಗೇದ ಮಿಯಾ?"

ನಾನು ಮೇಜಿನ ಮೇಲಿನ ಬಾಟಲಿಯ ಮುಚ್ಚಳ ತಿರುಗಿಸಿದೆ.

"ತೂಬು ಎತ್ತಿದ್ದಿ. ಹೌದಲ್ಲ? ಬ್ಲೀಚಿಂಗಿಗೆ ಆ ತತ್ತಿ ಸಾಯಂಗಿಲ್ಲ ಅಂತ ಅವತ್ತೇ ಹೇಳಿದ್ನಲ್ಲಪಾ. ಅದರ ಕವಚ ಭಾಳ ಗಟ್ಟಿ. ಅದಕ್ಕ ಒಂದ ಇಲಾಜು, ನೀರು ಸುಮ್ನ ನಿಂದರಬೇಕು, ಅದು ತಳಕ್ಕ ಕೂಡ್ರಬೇಕು. ಆ ಹೊಂಡ ಮಾಡೋ ಕೆಲಸ ಅದ. ನಿಮಗ ಕಾಣಂಗಿಲ್ಲ, ಅದಕ್ಕ ಏನೂ ಮಾಡದ ಹೊಂಡ ಅಂತೀರಿ."

"ಹೇಳ್ತೀರೇನ್ರಿ?" ಎಂದೆ.

"ನಾ ಯಾಕ ಹೇಳ್ಲಿ? ಬಾಯಿ ನಿಂದಲ್ಲ?" ಎಂದರು. ಅವರು ಹೇಳಲಿಲ್ಲ. ನಾನೂ ಹೇಳಲಿಲ್ಲ. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು, ಶಾಲು ಹೊದಿಸಿಕೊಂಡು ಮನೆಗೆ ಬಂದೆ. ಖಾಜಾ ಸಾಹೇಬರು ಅಂದು ಬರಲಿಲ್ಲ.

ಮನೆಯಲ್ಲಿ ಕೂತರೂ ತಲೆಯಲ್ಲಿ ಅದೇ ಲೆಕ್ಕಾಚಾರ. ಮೂರು ವಾರದ ನೀರಿನಲ್ಲಿ ಎಷ್ಟು ತತ್ತಿ ಹೋಗಿರಬಹುದು, ಯಾರ ಮನೆಯ ಚಟ್ನಿಯಲ್ಲಿ, ಯಾವ ಮಗುವಿನ ಹೊಟ್ಟೆಗೆ? ಅದು ನನಗೆ ಎಂದೂ ಗೊತ್ತಾಗುವುದಿಲ್ಲ. ಎಲ್ಲವನ್ನೂ ತಿಳಿಯಬೇಕೆಂದಿದ್ದವನಿಗೆ ಇದೊಂದು ತಿಳಿಯದೇ ಉಳಿಯಿತು. ತಿಳಿದದ್ದು ಒಂದೇ, ನಿಂಗಮ್ಮ ಮತ್ತೆ ಇಟ್ಟಿಗೆ ಹೊರುತ್ತಿದ್ದಾಳೆ ಎಂಬುದು. ಮಿಯಾಪುರದಲ್ಲಿ ದೊಡ್ಡ ಅಪಾರ್ಟ್‌ಮೆಂಟ್ ಏಳುವ ಕಡೆ ಇದ್ದಾಳೆಂದು ಯಾದಯ್ಯ ಹೇಳಿದ. ಒಂದು ದಿನ ಮೆಟ್ರೋ ಹತ್ತಿದೆ.

ಊಟದ ಹೊತ್ತು. ಕಬ್ಬಿಣದ ಸರಳುಗಳ ನೆರಳಿನಲ್ಲಿ ಬುತ್ತಿ ಬಿಚ್ಚಿ ಕೂತಿದ್ದಳು. ಕಂಡವಳೇ ಎದ್ದು, "ಯಣ್ಣಾ, ಬರ್ರಿ ಬರ್ರಿ, ರೊಟ್ಟಿ ತಿನ್ರಿ," ಎಂದಳು. ಆ ರೊಟ್ಟಿ ಮುಟ್ಟುವ ಮೊದಲೇ ಹೇಳಿಬಿಟ್ಟೆ. ತೂಬು, ಹುಲ್ಲು, ಹಗ್ಗ, ಅಧಿಕಾರಿಯ ಎದುರು ತಲೆ ಆಡಿಸಿದ್ದು, ಎಲ್ಲ. ಅವಳು ಬುತ್ತಿಯ ಬಟ್ಟೆಯ ತುದಿ ಮಡಚುತ್ತ ಕೇಳಿದಳು.

"ಎಷ್ಟು ದಿನ ಬಿಟ್ಟಿದ್ರಿ?"

"ಮೂರು ವಾರ."

"ನನಗೊಂದು ಮಾತು ಹೇಳಿದ್ರ ಮೂರು ವಾರ ನೀರು ಕಟ್ತಿದ್ದಿಲ್ಲ. ಬೋರಿನ ನೀರು ಕೊಡದಾಗ ಹೊತ್ತು ಹಾಕತಿದ್ದೆ. ಯಾದಯ್ಯಗ ಹೇಳೀರಿ, ನನಗ ಹೇಳಾಕ ಏನಾಗಿತ್ತು?"

ಅವಳು ನೆನಪಿಗೇ ಬಂದಿರಲಿಲ್ಲ ಎಂದೆ. ಅದು ಅವಳಿಗೆ ತೂಬಿಗಿಂತ ಹೆಚ್ಚು ನೋವು ಕೊಟ್ಟಿತೆಂದು ಮುಖ ನೋಡಿದಾಗ ಗೊತ್ತಾಯಿತು.

"ಕ್ಷಮಿಸವ್ವ," ಎಂದೆ.

"ಅದನ್ನ ಆಮ್ಯಾಲ ನೋಡೂಣು. ನಾವು ದಂಡೀಮ್ಯಾಲ ಕುಂಡ್ರತೀವಿ ಅಂತ ಬರದಾರಲ್ರಿ, ಮೊದಲು ಅದನ್ನ ಅಳಸ್ರಿ," ಎಂದು ಬುತ್ತಿ ಕಟ್ಟಿದಳು. ರೊಟ್ಟಿಯ ಮಾತು ಮತ್ತೆ ಎತ್ತಲಿಲ್ಲ.

ಮರುದಿನ ವಸುಂಧರಾ ಮೇಡಂ ಎದುರು ನಿಂತೆ. ಬರೆದು ತಂದದ್ದು ಕನ್ನಡದಲ್ಲಿತ್ತು. ನಾನು ಓದಿ ತೆಲುಗಿನಲ್ಲಿ ಹೇಳಿದೆ, ಅವರು ಟೈಪು ಮಾಡಿಸಿದರು. "ಸಹಿ ಹಾಕುವ ಮುಂಚೆ ಯೋಚಿಸಿ. ಇದರಿಂದ ನಿಮ್ಮ ಪೆನ್ಶನ್ನಿಗೆ ತೊಂದರೆ ಬರಬಹುದು, ನಾನು ತಡೆಯಲಾರೆ," ಎಂದರು. ಸಹಿ ಹಾಕಿದೆ. ಅವರ ಸಿಟ್ಟು ತೂಬು ಎತ್ತಿದ್ದಕ್ಕಿಂತ ಕೇಳದೇ ಎತ್ತಿದ್ದರ ಮೇಲಿತ್ತು. "ಯಾದಯ್ಯನ ಪ್ರಶ್ನೆ ಒಳ್ಳೆಯ ಪ್ರಶ್ನೆ ಶರಣಪ್ಪನವರೇ. ನನ್ನ ಹತ್ತಿರ ತಂದಿದ್ದರೆ ಹುಲ್ಲಿನವರಿಗೆ ಬೇರೆ ಕಾಲುವೆ ತೆಗೆಯುವ ಯೋಚನೆ ಮಾಡುತ್ತಿದ್ದೆ," ಎಂದರು. ಈಗ ಆ ಯೋಚನೆ ನಡೆದಿದೆ. ನನ್ನ ಪೆನ್ಶನ್ನಿನ ತೀರ್ಮಾನ ಇನ್ನೂ ಬಂದಿಲ್ಲ. ಬಂದಾಗ ಬರಲಿ.

ವರದಿಯ ಆ ಸಾಲನ್ನು ಹೊಡೆದುಹಾಕಿ, ತುದಿಯವರ ತಪ್ಪಿಲ್ಲ ಎಂದು ಹೊಸ ಕಾಗದ ಹೊರಟಿತು. ನಿಂಗಮ್ಮನ ಹೊಲದ ಹಳೆಯ ಮೇಲ್ಮಣ್ಣು ತೆಗೆಸಿ, ಒಂದು ಬೇಸಿಗೆ ಬಿಸಿಲಿಗೆ ಒಣಬಿಟ್ಟು, ಮತ್ತೆ ಪರೀಕ್ಷೆ ಮಾಡಿಸಿದರು. ಏನೂ ಸಿಗಲಿಲ್ಲ, ಸೊಪ್ಪು ಬೆಳೆಯಬಾರದೆಂಬ ಆದೇಶವೂ ಹೋಯಿತು. ಈಗ ತುದಿಯಲ್ಲೂ ಬಾಟಲಿ ತುಂಬುತ್ತಾರೆ, ಫಲಿತಾಂಶವನ್ನು ಅಲ್ಲಿಯೇ ಹಲಗೆಯ ಮೇಲೆ ಬರೆಯುತ್ತಾರೆ. ಅಡ್ಡ ತೂಬಿಗೆ ಬೀಗ ಬಿದ್ದಿದೆ. ನಿಂಗಮ್ಮ ಇಟ್ಟಿಗೆ ಕೆಲಸ ಬಿಟ್ಟು ಬಂದು ಮತ್ತೆ ಪುದೀನ ಹಾಕಿದಳು. ಆದರೆ ಸಂತೆಯಲ್ಲಿ ಒಂದು ಕಟ್ಟೂ ಹೋಗಲಿಲ್ಲ. ಸಂತೆಗೆ ಆಫೀಸಿನ ಕಾಗದ ಮುಟ್ಟುವುದಿಲ್ಲ. ಅಲ್ಲಿ ಬಾಯಿಂದ ಹೋದದ್ದು ಬಾಯಿಂದಲೇ ಬರಬೇಕು. ಫೋನು ಮಾಡಿದಳು. "ಅಣ್ಣ, ನಾಳಿ ಮುಂಜಾನಿ ನನ್ನ ಬುಟ್ಟಿ ಹತ್ರ ಬಂದು ನಿಂದರ್ರಿ. ನನಗ ಹೇಳಿದ್ದನ್ನ ಅವರಿಗೂ ಹೇಳ್ರಿ."

ಹೋದೆ. ಹಾಲಿನ ಚೀಲ ಹಿಡಿದ ಹೆಂಗಸರು, ವಾಕಿಂಗ್ ಮುಗಿಸಿದ ಮುದುಕರು. ಅವರೆದುರು ಅರ್ಧ ತೆಲುಗು, ಅರ್ಧ ಹಿಂದಿಯಲ್ಲಿ ಹೇಳಿದೆ. ಹುಳ ಬಂದದ್ದು ಈಕೆಯಿಂದಲ್ಲ, ನಾನು ಬಿಟ್ಟ ನೀರಿನಿಂದ. ಒಬ್ಬ ವಯಸ್ಸಾದ ಅಮ್ಮ, ಟೀಚರಾಗಿದ್ದವರಂತೆ, ಪೂರ್ತಿ ಕೇಳಿಸಿಕೊಂಡು ಪ್ರಶ್ನೆ ಹಾಕಿದರು.

"ಅದು ಹೋದದ್ದಾಯಿತು. ಇವತ್ತಿನ ನೀರು ಹೇಗಿದೆ?"

ನಿಂಗಮ್ಮ ನನ್ನ ಮುಖ ನೋಡಿದಳು. ಚೆನ್ನಾಗಿದೆ, ನಾನು ಜವಾಬು ಎಂದುಬಿಟ್ಟರೆ ಬುಟ್ಟಿ ಖಾಲಿಯಾಗುತ್ತಿತ್ತೇನೋ.

"ನನಗೆ ಗೊತ್ತಿಲ್ಲಮ್ಮ. ನಾನೀಗ ಅಲ್ಲಿಲ್ಲ. ಹೋದ ವಾರದ ಪರೀಕ್ಷೆ ಸರಿಯಿತ್ತು, ಹಲಗೆಯ ಮೇಲೆ ನಾನೇ ಓದಿಕೊಂಡು ಬಂದಿದ್ದೇನೆ. ತೊಳೆದು ತಿನ್ನಿ."

"ಇದನ್ನ ಹೇಳಾಕ ಕರಸಿದ್ನೇನ್ರಿ ನಾ?" ಎಂದು ನಿಂಗಮ್ಮ ಕನ್ನಡದಲ್ಲಿ ಗೊಣಗಿದಳು. ಆ ಅಮ್ಮ ಒಂದು ಕಟ್ಟು ಎತ್ತಿ ಮೂಸಿ, "ನೀರಿನವರು ಗೊತ್ತಿಲ್ಲ ಅಂದದ್ದು ಇದೇ ಮೊದಲು ಕೇಳಿದ್ದು," ಎನ್ನುತ್ತ ಕೊಂಡುಕೊಂಡರು. ಪಕ್ಕದಲ್ಲಿದ್ದಾಕೆ ನನ್ನ ಮಾತು ಅರ್ಧ ಕೇಳಿ ಬೇರೆ ಬುಟ್ಟಿಗೆ ಹೋಗಿಬಿಟ್ಟಿದ್ದಳು. ಅಂದು ಹೋದದ್ದು ನಾಲ್ಕು ಕಟ್ಟು.

ಬುಟ್ಟಿ ಎತ್ತಿಕೊಳ್ಳುವಾಗ ನಿಂಗಮ್ಮ ನನ್ನತ್ತ ನೋಡದೆ, "ನಾಳಿನೂ ಬರ್ರಿ," ಎಂದಳು.

ಮರುದಿನವೂ ಹೋದೆ. ಅರ್ಧಕ್ಕೇ ಬೇರೆ ಬುಟ್ಟಿಗೆ ಹೋಗಿದ್ದಾಕೆ ತಾನಾಗಿ ಬಂದು ನಿಂತಳು. "ನಿನ್ನೆ ಏನೋ ಹೇಳ್ತಿದ್ರಲ್ಲ ಅಂಕಲ್, ಪೂರ್ತಿ ಕೇಳಲಿಲ್ಲ. ಇನ್ನೊಮ್ಮೆ ಹೇಳಿ," ಎಂದಳು. ನಾನು ಮೊದಲಿಂದ ಶುರುಮಾಡಿದೆ. ತೂಬು ಎತ್ತಿದ್ದು, ಅಧಿಕಾರಿ ಬಂದದ್ದು, ಈಕೆಯ ತಪ್ಪಿಲ್ಲವೆಂದು ಕಾಗದವಾದದ್ದು. ನಿಂಗಮ್ಮ ಪುದೀನದ ಮೇಲೆ ಒದ್ದೆ ಬಟ್ಟೆ ಸರಿಪಡಿಸುತ್ತ ತಲೆ ಎತ್ತದೆ ಕೇಳುತ್ತಿದ್ದಳು.

"ತಲಿ ಆಡಿಸಿದ್ದು ಬಿಟ್ರಿ," ಎಂದಳು.

ನಾನು ಮಾತಿನಲ್ಲಿ ಹಿಂದಕ್ಕೆ ಹೋಗಿ ಅದನ್ನೂ ಹೇಳಿದೆ.